ಮ್ಯಾನೇಜರ್ ಸಾಹೇಬರ ಫೋಟೊ

ನನ್ನ ಭಾವನ ತಲೆ ನೋಡಿದವರು ಅವರ ಸಲೂನಿನಲ್ಲಿ ಕೂದಲು ಕತ್ತರಿಸಿಕೊಳ್ಳಲು ಕೂರಬಾರದು. ಊರವರ ತಲೆಯನ್ನೆಲ್ಲ ತಿದ್ದಿ ತೀಡಿ ಕಳಿಸುವ ಮನುಷ್ಯ ತನ್ನ ತಲೆಯ ಮೇಲೆ ಮಾತ್ರ ನಡುವೆ ಒಂದು ರಸ್ತೆ, ಹಿಂದೆ ಒಂದು ಓಣಿ, ಕಿವಿಯ ಮೇಲೆ ಇಲಿ ಕಡಿದಂಥ ಒಂದು ತೇಪೆ ಇಟ್ಟುಕೊಂಡು ಓಡಾಡುತ್ತಾರೆ. ಹೊಸ ಗಿರಾಕಿಗಳು ಬಾಗಿಲಲ್ಲೇ ನಿಂತು ಒಳಗೆ ಬರಲೋ ಬೇಡವೋ ಎಂದು ಯೋಚಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೋಡದೆ ವಿಧಿಯಿಲ್ಲ. ಅದೇ ಸಲೂನಿನ ಮೂಲೆಯಲ್ಲಿ, ಕನ್ನಡಿ ಮುಗಿದು ಗೋಡೆ ಶುರುವಾಗುವ ಕಡೆ, ಒಂದು ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಮೊಬೈಲ್ ರಿಪೇರಿ ಮಾಡುವವನು ನಾನು. ಜಾಗಕ್ಕೆ ಬಾಡಿಗೆ ಕೊಡುವುದಿಲ್ಲ. ಅಕ್ಕನನ್ನೇ ಕೊಟ್ಟಿದ್ದೇವಲ್ಲ, ಅದೇ ಬಾಡಿಗೆ ಎಂದು ನಾನು ಹೇಳುತ್ತೇನೆ. ಹಾಗಾದರೆ ಅಡ್ವಾನ್ಸ್ ವಾಪಸ್ ತಗೊಂಡು ಜಾಗ ಖಾಲಿ ಮಾಡು ಎಂದು ಭಾವ ಹೇಳುತ್ತಾರೆ. ಭಾವ-ಭಾಮೈದರ ಮಾತು ಇಷ್ಟೇ.

ಆ ರಸ್ತೆ, ಓಣಿಗಳು ತಲೆಯ ಮೇಲೆ ಬರುವುದಕ್ಕೆ ಕಾರಣ ಇದೆ. ವಾರದ ರಜೆಯ ದಿನ ಭಾವ ಆಸ್ಪತ್ರೆಯ ಮಕ್ಕಳ ಕ್ಯಾನ್ಸರ್ ವಾರ್ಡಿಗೆ ಹೋಗುತ್ತಾರೆ. ಔಷಧಿ ಏರಿಸಲು ಶುರು ಮಾಡಿದ ಮೇಲೆ ಮಕ್ಕಳ ಕೂದಲು ದಿಂಬಿನ ಮೇಲೆ ಹಿಡಿ ಹಿಡಿಯಾಗಿ ಉದುರುತ್ತದೆ. ಅದನ್ನು ಕಂಡು ಮಕ್ಕಳಿಗಿಂತ ಮೊದಲು ತಾಯಂದಿರು ಕುಸಿಯುತ್ತಾರೆ. ಅದಕ್ಕೆ, ಉದುರುವ ಮುಂಚೆಯೇ ತೆಗೆಸಿಬಿಡಿ ಎಂದು ನರ್ಸುಗಳು ಹೇಳುತ್ತಾರೆ. ಅಲ್ಲಿ ರೇಜರ್ ಮುಟ್ಟುವಂತಿಲ್ಲ. ಒಂದು ಸಣ್ಣ ಗೀರು ಬಿದ್ದರೂ ರಕ್ತ ನಿಲ್ಲುವುದು ಕಷ್ಟ. ಟ್ರಿಮ್ಮರ್ ಒಂದೇ ಗತಿ. ಅದರ ಗುಂಯ್ ಎನ್ನುವ ಸದ್ದಿಗೇ ಮಕ್ಕಳು ತಾಯಿಯ ಸೆರಗಿಗೆ ಜೋತುಬೀಳುತ್ತವೆ. ಅದಕ್ಕೆ ಭಾವ ಕಂಡುಕೊಂಡ ಉಪಾಯ ಏನೆಂದರೆ, ಮಿಷನ್ನನ್ನು ಮೊದಲು ಮಗುವಿನ ಕೈಗೇ ಕೊಟ್ಟು, ಮಂಚದ ಪಕ್ಕ ಮಂಡಿಯೂರಿ, ತಮ್ಮ ತಲೆ ಬಗ್ಗಿಸುವುದು. ಮೊದಲು ನೀನು ನನಗೆ ಮಾಡು, ಆಮೇಲೆ ನಾನು ನಿನಗೆ ಮಾಡುತ್ತೇನೆ ಎನ್ನುವುದು. ಮಗು ಎರಡೂ ಕೈಯಲ್ಲಿ ಮಿಷನ್ ಹಿಡಿದು ಒಂದು ಗೆರೆ ಎಳೆಯುತ್ತದೆ. ದೊಡ್ಡವರೊಬ್ಬರ ತಲೆ ಕೆಡಿಸಿದ ಖುಷಿಯಲ್ಲಿ ಅದರ ಹೆದರಿಕೆ ಹೋಗುತ್ತದೆ. ಆ ಗೆರೆಗಳನ್ನು ಭಾವ ಸರಿಮಾಡಿಕೊಳ್ಳುವುದಿಲ್ಲ. ಮುಂದಿನ ವಾರ ಹೋದಾಗ ಮಕ್ಕಳು ತಾವು ಎಳೆದ ಗೆರೆ ಇದೆಯೋ ಇಲ್ಲವೋ ಎಂದು ನೋಡುತ್ತವಂತೆ.

ಅಕ್ಕ ಮೊದಮೊದಲು ಜಗಳ ಆಡಿದಳು. ವಾರವಿಡೀ ನಿಂತು ನಿಂತು ಕಾಲಿನ ನರಗಳು ಉಬ್ಬಿವೆ, ಒಂದು ದಿನವಾದರೂ ಮನೆಯಲ್ಲಿ ಮಲಗಬಾರದೇ, ಮನೆಗೆ ಮಾರಿ ಊರಿಗೆ ಉಪಕಾರಿ ಎಂದಳು. ಒಂದು ದಿನ ಜಗಳ ಆಡಿಕೊಂಡೇ ಜೊತೆಗೆ ಹೋದಳು. ಬಂದಮೇಲೆ ಆ ಗಾದೆಯನ್ನು ಮತ್ತೆ ಎತ್ತಲಿಲ್ಲ. ಟ್ರಿಮ್ಮರಿನ ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಬಟ್ಟೆಯಲ್ಲಿ ಸುತ್ತಿಡುವ ಕೆಲಸ ಇನ್ನು ತನ್ನದು ಎಂದಳು.

ಭಾವ ಅಲ್ಲಿನ ಪ್ರತಿ ಮಗುವಿಗೂ ಒಂದು ಅಡ್ಡಹೆಸರು ಇಡುತ್ತಾರೆ. ನಾನು ಹೇಳಹೊರಟಿರುವ ಹುಡುಗ ಮ್ಯಾನೇಜರ್ ಸಾಹೇಬರು. ಆರು ವರ್ಷದವನು, ಮುಂದಿನ ಹಲ್ಲು ಬಿದ್ದವನು. ದಿಂಬಿಗೊರಗಿ ಕೂತು ಇಡೀ ವಾರ್ಡಿಗೆ ಅಪ್ಪಣೆ ಕೊಡುತ್ತಿದ್ದನಂತೆ. ಫ್ಯಾನ್ ಜೋರು ಮಾಡಿ, ಆ ಮಗುವಿಗೆ ನೀರು ಕೊಡಿ, ಡಾಕ್ಟರ್ ಯಾಕೆ ಲೇಟು. ಭಾವನ ತಲೆಯ ನಟ್ಟನಡುವೆ ಹಣೆಯಿಂದ ಕುತ್ತಿಗೆಯವರೆಗೆ ಒಂದು ರಸ್ತೆ ಎಳೆದವನು ಅವನೇ. ಆಮೇಲೆ ಅವನ ತಲೆ ನುಣ್ಣಗಾದ ಮೇಲೆ ಭಾವ ಕನ್ನಡಿ ಹಿಡಿದು, ಎರಡೂ ತಲೆಗಳನ್ನು ಒಟ್ಟಿಗೆ ತೋರಿಸಿದರಂತೆ. ಹುಡುಗ ಗಂಭೀರವಾಗಿ ನೋಡಿ, "ನಿಂದು ಪೂರ್ತಿ ಆಗಿಲ್ಲ. ಸಂಬಳ ಕಟ್" ಅಂದನಂತೆ. ಹಾಗಂದು, ತನ್ನ ಮಾತಿಗೆ ತಾನೇ ನಗಲು ಶುರು ಮಾಡಿದನಂತೆ. ಕಣ್ಣು ಎರಡೂ ಮುಚ್ಚಿಹೋಗಿ, ಬಾಯಿ ಇಷ್ಟಗಲ ತೆರೆದು, ಉಸಿರು ಸಿಕ್ಕದ ಹಾಗೆ ನಕ್ಕ. ಭಾವ ಅವನ ತಲೆಯ ಮೇಲೆ ಕೈಯಿಟ್ಟು ತಾವೂ ನಕ್ಕರು. ಆಗ ಅವನ ತಾಯಿ ಭಾವನ ಫೋನಿನಲ್ಲಿ ಒಂದು ಫೋಟೊ ತೆಗೆದಳು. ಅದರಲ್ಲಿ ಹುಡುಗನ ಮುಖ, ಅವನ ಬೋಳು ತಲೆಯ ಮೇಲೆ ಭಾವನ ಕೈ, ಆ ಕೈಯ ಸೀಳಿದ ಹೆಬ್ಬೆರಳ ಉಗುರು ಮಾತ್ರ ಬಂದಿದ್ದವು. ಉಗುರು ಸೀಳಿದ್ದು ಭಾವ ಕೆಲಸ ಕಲಿಯುವ ಕಾಲದಲ್ಲಿ, ಕತ್ತರಿ ತಾಗಿ. ಅದು ಮತ್ತೆ ಕೂಡಲೇ ಇಲ್ಲ.

ಸಲೂನಿನ ಹೆಸರಿನಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ಪೇಜು ಇತ್ತು. ಭಾವ ತಾಯಂದಿರನ್ನು ಕೇಳಿಕೊಂಡು ಆ ಮಕ್ಕಳ ಫೋಟೊಗಳನ್ನು ಅದರಲ್ಲಿ ಹಾಕುತ್ತಿದ್ದರು. ತಾಯಂದಿರೂ ಸಂತೋಷದಿಂದ ಒಪ್ಪುತ್ತಿದ್ದರು. ಬೋಳು ತಲೆಯಲ್ಲೂ ನನ್ನ ಮಗು ಎಷ್ಟು ಚೆಂದ ಎಂದು ನಾಲ್ಕು ಜನ ಹೇಳಿದರೆ ಯಾವ ತಾಯಿಗೆ ಬೇಡ? ಮ್ಯಾನೇಜರ್ ಸಾಹೇಬರ ಫೋಟೊವೂ ಅಲ್ಲಿಗೆ ಹೋಯಿತು. ಹುಡುಗ ಮುಂದಿನ ಬೇಸಿಗೆ ನೋಡಲಿಲ್ಲ. ಅವನು ಹೋದ ಸುದ್ದಿ ಬಂದ ದಿನ ಭಾವ ಬೆಳಗ್ಗೆಯಿಂದ ಸಂಜೆವರೆಗೆ ಕತ್ತರಿ ಕೆಳಗಿಡದೆ ಕೆಲಸ ಮಾಡಿದರು. ನನಗೆ ಆ ದಿನ ಕತ್ತರಿಯ ಸದ್ದು ಕೇಳಿ ಕೇಳಿ ತಲೆನೋವು ಬಂತು.

ಇದೆಲ್ಲ ಹಳೆಯದಾಗಿ, ಎಲ್ಲರೂ ಅವರವರ ಪಾಡಿಗೆ ಇರುವಾಗ ಫಾರ್ವರ್ಡ್ ಮೇಷ್ಟ್ರು ಬಂದರು.

ನಿವೃತ್ತ ಮೇಷ್ಟ್ರಿಗೆ ಆ ಹೆಸರಿಟ್ಟವನು ನಾನು. ಬೆಳಗಾದರೆ ಹೂವಿನ ಚಿತ್ರ, ಮಧ್ಯಾಹ್ನ ಮಂಡಿನೋವಿಗೆ ಮದ್ದು, ಸಂಜೆಗೆ ಯಾವುದೋ ಕಷ್ಟದಲ್ಲಿರುವವರ ಮನವಿ. ಬಂದದ್ದನ್ನೆಲ್ಲ ಅವರು ಮುಂದಕ್ಕೆ ದಾಟಿಸುತ್ತಾರೆ. ಅವರ ಫೋನು ಯಾವಾಗಲೂ ಹೊಟ್ಟೆ ಬಿರಿಯುವಂತೆ ತುಂಬಿರುತ್ತದೆ. ಜಾಗ ಇಲ್ಲ ಎಂದು ಫೋನು ಗೋಳಾಡುತ್ತದೆ, ಫೋನು ಸರಿಯಿಲ್ಲ ಎಂದು ಅವರು ನನ್ನ ಹತ್ತಿರ ಗೋಳಾಡುತ್ತಾರೆ. ಹಳೆಯದನ್ನು ಅಳಿಸಿ ಮೇಷ್ಟ್ರೇ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಆಯ್ತು ಆಯ್ತು ಎನ್ನುತ್ತಾರೆ. ಮುಂದಿನ ಸಲ ಬಂದಾಗ ಅದೇ ಹೂವು, ಅದೇ ಮಂಡಿನೋವು ಅಲ್ಲೇ ಇರುತ್ತವೆ.

ಅವತ್ತು ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರು, ಬಟ್ಟೆಯ ಕೆಳಗಿನಿಂದ ಫೋನು ತೆಗೆದು ಭಾವನಿಗೆ ತೋರಿಸಿದರು. ನೀವು ಆ ವಾರ್ಡಿಗೆ ಹೋಗುವವರಲ್ಲವೇ, ಈ ಪಾಪದ ಮಗುವನ್ನು ನೋಡಿದ್ದೀರಾ, ಪ್ರತಿ ತಿಂಗಳು ಪಿಂಚಣಿ ಬಂದ ಕೂಡಲೇ ಇದಕ್ಕೆ ಸ್ವಲ್ಪ ಹಾಕುತ್ತಿದ್ದೇನೆ ಎಂದರು. ಭಾವ ಬಾಗಿ ನೋಡಿದರು. ಕತ್ತರಿ ನಿಂತಿತು. ಅವರು ಮೊದಲು ನೋಡಿದ್ದು ಹುಡುಗನ ಮುಖವನ್ನಲ್ಲವಂತೆ, ಉಗುರನ್ನಂತೆ. ಆಮೇಲೆ ನನ್ನ ಕಡೆ ತಿರುಗಿ, ಬಾರೋ ಇಲ್ಲಿ ಎಂದರು.

ನಾನು ಹೋಗಿ ನೋಡಿದೆ. ಬಣ್ಣವನ್ನೆಲ್ಲ ಹೀರಿ ಫೋಟೊವನ್ನು ಬೂದಿಯಂತೆ ಮಾಡಿದ್ದರು. ಮುಚ್ಚಿದ ಕಣ್ಣಿನ ಕೆಳಗೆ ಒಂದು ಹನಿ ಕಣ್ಣೀರು ಅಂಟಿಸಿದ್ದರು. ಕೆಳಗೆ ಕೆಂಪು ಅಕ್ಷರದಲ್ಲಿ, ನೋವು ತಾಳಲಾರದೆ ಚೀರುತ್ತಿರುವ ಕಂದನನ್ನು ಉಳಿಸಿ, ನಾಳೆ ಬೆಳಗ್ಗೆ ಆಪರೇಷನ್, ಇಂದು ಸಂಜೆಯೊಳಗೆ ಹಣ ಬೇಕು ಎಂದಿತ್ತು. ತಲೆಯ ಮೇಲಿನ ಕೈಗೆ ಒಂದು ಬಾಣ ಹಾಕಿ, ಪರೀಕ್ಷಿಸುತ್ತಿರುವ ವೈದ್ಯರು ಎಂದು ಬರೆದಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಭಾವ ಡಾಕ್ಟರ್ ಆಗಿದ್ದು ಹೀಗೆ. ಬೇರೆ ದಿನವಾಗಿದ್ದರೆ ನಾನು ವರ್ಷವಿಡೀ ಅದನ್ನೇ ಹೇಳಿ ರೇಗಿಸುತ್ತಿದ್ದೆ. ನಕ್ಕು ಉಸಿರುಗಟ್ಟಿದ ಮುಖ, ಬಣ್ಣ ತೆಗೆದು ಒಂದು ಹನಿ ಅಂಟಿಸಿದರೆ ಅತ್ತ ಮುಖವೇ ಆಗುತ್ತದೆ ಎಂದು ನನಗೆ ಅವತ್ತು ಗೊತ್ತಾಯಿತು.

ಭಾವ ಹೇಳಿದ್ದು ಒಂದೇ ಮಾತು. "ಇದು ಅವನ ತಾಯಿ ಕಣ್ಣಿಗೆ ಬೀಳೋ ಮುಂಚೆ ತೆಗೆಸಬೇಕು ಕಣೋ."

ಇದು ಮೋಸ ಎಂದರೆ ಮೇಷ್ಟ್ರು ನಂಬಲಿಲ್ಲ. ಆಸ್ಪತ್ರೆಯ ಹೆಸರಿದೆ, ಫೋನ್ ನಂಬರಿದೆ, ಸುಳ್ಳು ಹೇಗಾಗುತ್ತದೆ ಎಂದರು. ಸರಿ, ಅವರ ಎದುರಿಗೇ ಆ ನಂಬರಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮರುಕ್ಷಣವೇ ಮೆಸೇಜು ಬಂತು: ಅಣ್ಣಾ, ಐಸಿಯು ಬಾಗಿಲಲ್ಲಿದ್ದೇವೆ, ಮಾತಾಡಲು ಆಗುವುದಿಲ್ಲ, ದಯವಿಟ್ಟು ಬೇಗ. ಮಗುವನ್ನು ನೋಡಲು ಬರುತ್ತೇನೆ, ದುಡ್ಡನ್ನು ಆಸ್ಪತ್ರೆಯ ಕೌಂಟರಿನಲ್ಲೇ ಕಟ್ಟುತ್ತೇನೆ ಎಂದು ಬರೆದೆ. ಸೋಂಕಾಗುತ್ತದೆ, ಯಾರನ್ನೂ ಒಳಗೆ ಬಿಡುವುದಿಲ್ಲ, ಕೌಂಟರಿನಲ್ಲಿ ಕಟ್ಟಿದರೆ ನಮಗೆ ತಲುಪಲು ವಾರವಾಗುತ್ತದೆ, ಈ ಖಾತೆಗೇ ಹಾಕಿ ಎಂಬ ಉತ್ತರ ಬಂತು. ಯಾವ ಮಹಡಿ ಎಂದು ಕೇಳಿದೆ. ಏಳನೆಯದು ಎಂದರು. ಆ ಆಸ್ಪತ್ರೆಗೆ ಇರುವುದೇ ನಾಲ್ಕು ಮಹಡಿ. ಆಮೇಲೆ ಆಸ್ಪತ್ರೆಯ ಬೋರ್ಡಿನ ಮೇಲಿರುವ ನಂಬರಿಗೆ ಮಾಡಿ ವಿಚಾರಿಸಿದೆ. ಅಂಥ ಹೆಸರಿನ ಮಗು ನಮ್ಮಲ್ಲಿಲ್ಲ, ಆ ಖಾತೆ ನಮ್ಮದಲ್ಲ ಎಂದರು. ಕೊನೆಗೆ ಆ ಚಿತ್ರವನ್ನೇ ಕೊಟ್ಟು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಅದೇ ಮುಖ, ಬೇರೆ ಬೇರೆ ಹೆಸರು, ಬೇರೆ ಬೇರೆ ಕಾಯಿಲೆ. ಒಂದು ಕಡೆ ಸುಟ್ಟ ಗಾಯ, ಇನ್ನೊಂದು ಕಡೆ ಹೃದಯದಲ್ಲಿ ರಂಧ್ರ. ಎಲ್ಲ ಕಡೆಯೂ ಆಪರೇಷನ್ ನಾಳೆ ಬೆಳಗ್ಗೆಯೇ.

ಮೇಷ್ಟ್ರ ಮುಖ ಸಣ್ಣದಾಯಿತು. ದುಡ್ಡು ಕೇಳಿದವರು ಸುಳ್ಳೇ ಇರಬಹುದು, ಕೊಟ್ಟಾಗ ನನ್ನ ಮನಸ್ಸಂತೂ ಶುದ್ಧವಾಗಿತ್ತು ಎಂದರು. ನಿಮ್ಮ ಮನಸ್ಸು ಶುದ್ಧ, ಅವನ ಜೇಬು ಭರ್ತಿ ಎಂದೆ ನಾನು. ಅಷ್ಟು ಒರಟಾಗಿ ಹೇಳಬೇಕಿರಲಿಲ್ಲ. ಆದರೆ ಈ ಗಾಜಿನ ಪೆಟ್ಟಿಗೆಯ ಹಿಂದೆ ಕೂತವನಿಗೆ ದಿನವೂ ಇದೇ ಕಥೆ. ಒಬ್ಬರು ಲಾಟರಿಯಲ್ಲಿ ಟೋಪಿ ಹಾಕಿಸಿಕೊಂಡು ಬರುತ್ತಾರೆ, ಒಬ್ಬರು ಕೆಲಸ ಕೊಡಿಸುತ್ತೇವೆ ಎಂದವನಿಗೆ ಕೊಟ್ಟು ಬರುತ್ತಾರೆ. ಅವರದ್ದು ಆಸೆಯ ತಪ್ಪು, ಬೈಯಬಹುದು. ಕರುಣೆಯಿಂದ ಮೋಸಹೋದವರನ್ನು ಏನೆಂದು ಬೈಯುವುದು? ಅದೇ ನನಗೆ ಸಿಟ್ಟು.

ತೆಗೆಸುವುದು ಅಷ್ಟು ಸುಲಭವಾಗಿರಲಿಲ್ಲ. ಆ ಮನವಿಯ ಪೇಜು ಇದ್ದ ಜಾಲತಾಣಕ್ಕೆ ದೂರು ಬರೆದೆವು. ನಿಮ್ಮ ದೂರನ್ನು ಪರಿಶೀಲಿಸಿದ್ದೇವೆ, ನಮ್ಮ ನಿಯಮಗಳ ಉಲ್ಲಂಘನೆ ಕಂಡುಬಂದಿಲ್ಲ ಎಂದು ಉತ್ತರ ಬಂತು. ಬರೆದದ್ದು ಮನುಷ್ಯನೋ ಯಂತ್ರವೋ ದೇವರೇ ಬಲ್ಲ. ಮತ್ತೆ ಬರೆದೆವು, ಮತ್ತೆ ಅದೇ. ಪೊಲೀಸು ಠಾಣೆಗೆ ಹೋದೆವು. ಅಲ್ಲಿನ ಮನುಷ್ಯ ಒಳ್ಳೆಯವನೇ, ನಮ್ಮಷ್ಟೇ ದಣಿದವನು. ನಿಮ್ಮ ದುಡ್ಡು ಹೋಗಿದೆಯಾ ಎಂದು ಕೇಳಿದ. ಇಲ್ಲ, ಫೋಟೊ ಹೋಗಿದೆ ಎಂದರು ಭಾವ. ದುಡ್ಡು ಕಳಕೊಂಡವರನ್ನು ಕರೆದುಕೊಂಡು ಬನ್ನಿ, ಆಗ ಖಾತೆಯ ಬೆನ್ನು ಹತ್ತಬಹುದು ಎಂದ. ದುಡ್ಡು ಕಳಕೊಂಡ ಮೇಷ್ಟ್ರು ಬರಲೊಲ್ಲರು. ಸೊಸೆಗೆ ಗೊತ್ತಾದರೆ ಫೋನು ಕಿತ್ತಿಟ್ಟುಕೊಂಡು ಪಿಂಚಣಿಯ ಲೆಕ್ಕ ಕೇಳುತ್ತಾಳೆ ಎಂಬ ಹೆದರಿಕೆ. ಭಾವ ಒತ್ತಾಯ ಮಾಡಲಿಲ್ಲ. ಮೇಷ್ಟ್ರು ಕ್ಷೌರಕ್ಕೆ ಬಂದಾಗ ಮಾತಾಡದೆ ಗಡ್ಡ ಕೆರೆದು, ಮಾತಾಡದೆ ಬಟ್ಟೆ ಕೊಡವಿ ಕಳಿಸಿದರು. ಬಾಯಿ ಮುಚ್ಚಿ ಗೊತ್ತಿಲ್ಲದ ಮನುಷ್ಯನ ಮೌನವನ್ನು ಮೇಷ್ಟ್ರಿಗೆ ತಾಳಲಾಗಲಿಲ್ಲ. ಕೊನೆಗೊಂದು ದಿನ ಕೊಡೆ ಹಿಡಿದು ಬಂದು, ನಡೀರಿ ಠಾಣೆಗೆ, ಸೊಸೆಗೆ ನಾನೇ ಹೇಳಿದೆ ಎಂದರು.

ಈ ಮಧ್ಯೆ ಭಾವ ಒಂದು ಕೆಲಸ ಮಾಡಿದರು. ಬಿಡಿಭಾಗ ತರಲು ನಾನು ಹೊರಗೆ ಹೋಗಿದ್ದ ದಿನ, ಸಲೂನಿನ ಪೇಜನ್ನೇ ಮುಚ್ಚಿದರು. ಫೋನಿನಲ್ಲಿದ್ದ ವಾರ್ಡಿನ ಫೋಟೊಗಳನ್ನೆಲ್ಲ ಅಳಿಸಿದರು. ಅಳಿಸಿದ್ದು ಕಸದಬುಟ್ಟಿಯಲ್ಲಿ ಉಳಿಯುತ್ತದೆ ಎಂದು ಯಾವತ್ತೋ ನಾನೇ ಹೇಳಿದ್ದೆನಲ್ಲ, ಅದನ್ನೂ ಖಾಲಿ ಮಾಡಿದರು. ನಾನು ಬಂದಾಗ ಕೆಲಸ ಮುಗಿದಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತಲ್ಲ ಭಾವ ಎಂದೆ.

"ನಾನು ಹಾಕಿದ್ದಕ್ಕೆ ತಾನೇ ಅವರ ಕೈಗೆ ಸಿಕ್ಕಿದ್ದು," ಎಂದರು ಭಾವ. "ಸತ್ತ ಮಗು ಹೆಸರಲ್ಲಿ ನಾನೇ ಭಿಕ್ಷೆ ಎತ್ತಿಸಿದ ಹಾಗಾಯ್ತು."

ಅಲ್ಲಿಗೆ ನಿಲ್ಲಲಿಲ್ಲ. ಕುರ್ಚಿಗೆ ಬಂದು ಕೂತ ಪ್ರತಿಯೊಬ್ಬರಿಗೂ ಆ ಮನವಿ ಬಂದಿದೆಯೇ ಎಂದು ಕೇಳಿ, ಬಂದಿದ್ದರೆ ಎದುರಿಗೇ ಅಳಿಸಿಸಿದರು. ಕನ್ನಡಿಯ ಮೇಲೆ ಒಂದು ಚೀಟಿ ಅಂಟಿಸಿದರು: ಫೋಟೊ ನೋಡಿ ದುಡ್ಡು ಹಾಕಬೇಡಿ, ಆಸ್ಪತ್ರೆಗೆ ಹೋಗಿ ಕೌಂಟರಿನಲ್ಲಿ ಕಟ್ಟಿ ರಸೀದಿ ತಗೊಳ್ಳಿ. ಜನ ಮೊದಲನೆಯ ಅರ್ಧ ಓದಿ ತಲೆಯಾಡಿಸಿದರು. ಅದಾದ ಮೇಲೆ ಯಾವ ಮಗುವಿಗೆ ಯಾರು ಸಹಾಯ ಕೇಳಿದರೂ ಎಲ್ಲ ಮೋಸ ಎನ್ನತೊಡಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ವಾರ್ಡಿನ ಬಾಗಿಲಲ್ಲಿರುವ ಡಬ್ಬಿಯೂ ಈಗ ಹಗುರವಾಗಿದೆ ಎಂದು ನರ್ಸೊಬ್ಬಳು ಫೋನಿನಲ್ಲಿ ಹೇಳಿದಳು. ಫೋನಿನಲ್ಲಿ ಯಾಕೆಂದರೆ ಭಾವ ವಾರ್ಡಿಗೆ ಹೋಗುವುದನ್ನು ನಿಲ್ಲಿಸಿದ್ದರು. ಮಂಡಿ ನೋವು ಎಂದು ಅಕ್ಕನಿಗೆ ಹೇಳಿದ್ದರು. ಅಕ್ಕ ನಂಬಿದವಳ ಹಾಗೆ ಎಣ್ಣೆ ಹಚ್ಚುತ್ತಿದ್ದಳು. ಅವರ ತಲೆಯ ಮೇಲಿನ ರಸ್ತೆ, ಓಣಿಗಳೆಲ್ಲ ಒಂದೊಂದಾಗಿ ಮುಚ್ಚಿಹೋದವು. ಕೂದಲು ಸಮನಾಗಿ ಬೆಳೆಯಿತು. ಹೊಸ ಗಿರಾಕಿಗಳು ಅನುಮಾನವಿಲ್ಲದೆ ಒಳಗೆ ಬರತೊಡಗಿದರು. ವ್ಯಾಪಾರ ಚೆನ್ನಾಯಿತು, ಅದನ್ನು ನೋಡಿದರೆ ನನಗೆ ಅಳು ಬರುತ್ತಿತ್ತು.

ಮೇಷ್ಟ್ರ ದೂರಿನಿಂದ ಖಾತೆ ನಿಂತಿತು. ಕಳ್ಳರ ಪೇಜು ಮಾಯವಾಯಿತು, ಬೇರೆ ಹೆಸರಿನಲ್ಲಿ ಎದ್ದಿತು, ಮತ್ತೆ ದೂರು ಕೊಟ್ಟೆವು, ಮತ್ತೆ ಮಾಯವಾಯಿತು. ಕೊನೆಗೊಮ್ಮೆ ಎಲ್ಲಿ ಹುಡುಕಿದರೂ ಹುಡುಗನ ಮುಖ ಸಿಗಲಿಲ್ಲ. ಅದನ್ನು ಮಾಡಿದವರು ಸಿಕ್ಕರೇ ಎಂದು ಕೇಳಬೇಡಿ, ಸಿಗಲಿಲ್ಲ. ನಾನು ಭಾವನಿಗೆ, ಮುಗಿಯಿತು, ಅವನ ತಾಯಿ ನೋಡಲಿಲ್ಲ, ಇನ್ನಾದರೂ ನೆಟ್ಟಗೆ ಊಟ ಮಾಡಿ ಎಂದೆ. ಅವರು ಹೂಂ ಎಂದರು.

ಆ ವಾರವೇ ಅವಳು ಬಂದಳು.

ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಅವಳು ಇಸ್ತ್ರಿಯ ಕೆಲಸ ಮಾಡುತ್ತಾಳೆ. ಮೊಣಕೈವರೆಗೆ ಶಾಖದ ಕೆಂಪು. ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತು ನೋಡಿಕೊಂಡು ಬಾಗಿಲಲ್ಲಿ ನಿಂತಳು. ಹೆಂಗಸರು ಬರುವ ಅಂಗಡಿಯಲ್ಲವಲ್ಲ. ಭಾವ ಎದ್ದು, ಬಾರಮ್ಮ ಎಂದರು. ಕೈಯಲ್ಲಿದ್ದ ಬಾಚಣಿಗೆಯನ್ನು ಎಲ್ಲಿಡಬೇಕು ಎಂದು ಅವರಿಗೆ ತಿಳಿಯಲಿಲ್ಲ. ಅವಳು ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತಳು. ಬಂದ ಕೆಲಸ ಹೇಳಲು ಸಂಕೋಚ ಪಟ್ಟಳು.

"ಅಣ್ಣ, ಅವತ್ತು ನಾನು ತೆಗೆದ ಫೋಟೊ ನಿಮ್ಮ ಹತ್ರ ಇರಬೇಕಲ್ಲ. ಅವನು ನಕ್ಕಿದ್ದು."

ಆಗ ನೀವು ನನ್ನ ಫೋನಿಗೂ ಕಳಿಸಿದ್ದಿರಿ, ಔಷಧಿಗೆ ಸಾಲದೆ ಆ ಫೋನು ಮಾರಿದೆ, ಅದರ ಜೊತೆ ಹೋಯಿತು ಎಂದಳು. ಅಚ್ಚು ಹಾಕಿಸಿದ ಬೇರೆ ಫೋಟೊಗಳಿವೆ, ಎಲ್ಲದರಲ್ಲೂ ಕ್ಯಾಮೆರಾ ಕಂಡರೆ ಮುಖ ಬಿಗಿದುಕೊಂಡು ಕೂತಿದ್ದಾನೆ, ಮ್ಯಾನೇಜರ್ ತಾನೇ ಎಂದಳು. ನಗುವುದು ಅದೊಂದರಲ್ಲಿ ಮಾತ್ರ. ಅದು ಸಲೂನಿನ ಪೇಜಿನಲ್ಲಿ ಇದ್ದುದರಿಂದ ಧೈರ್ಯವಾಗಿದ್ದಳಂತೆ. ಕೆಲಸದ ನಡುವೆ ಬಿಡುವು ಸಿಕ್ಕಾಗ ಆಮೇಲೆ ಕೊಂಡ ಅಗ್ಗದ ಫೋನಿನಲ್ಲಿ ತೆಗೆದು ನೋಡುತ್ತಿದ್ದಳಂತೆ. ಒಂದು ದಿನ ಪೇಜೇ ಇಲ್ಲ.

ಭಾವ ತಲೆ ಬಗ್ಗಿಸಿ ನಿಂತಿದ್ದರು. ಆ ಮನವಿಯ ವಿಷಯ ಹೇಳಬೇಕೋ ಬೇಡವೋ ಎಂದು ನನ್ನ ಕಡೆ ನೋಡಿದರು. ಹೇಳುವ ಅಗತ್ಯ ಬೀಳಲಿಲ್ಲ.

"ಆ ಫೋಟೊ ಹಾಕಿ ಯಾರೋ ದುಡ್ಡು ಕೇಳ್ತಿದ್ದಿದ್ದು ನನಗೆ ಮೊದಲೇ ಗೊತ್ತಣ್ಣ," ಎಂದಳು. "ಲಾಂಡ್ರಿಯಲ್ಲಿ ಒಬ್ಬಳು ತೋರಿಸಿದ್ದಳು. ಮಗ ಹೋಗಿ ಇಷ್ಟು ದಿನ ಆಯ್ತು, ಇನ್ನೂ ದುಡ್ಡು ಇಸ್ಕೊಳ್ತಿದ್ದೀಯಲ್ಲ ಅಂದಳು. ಅತ್ತುಬಿಟ್ಟೆ, ಜಗಳ ಆಡಿದೆ. ಆಮೇಲೆ ನಾನೇ ದಿನಾ ಅದನ್ನ ನೋಡೋಕೆ ಶುರು ಮಾಡಿದೆ. ನಿಮ್ಮ ಪೇಜ್ ಹೋದ ಮೇಲೆ ಅವನು ಇದ್ದಿದ್ದು ಆ ಕಳ್ಳರ ಹತ್ರ ಮಾತ್ರ. ಈಗ ಅಲ್ಲೂ ಇಲ್ಲ."

ಭಾವ ಗಿರಾಕಿಯ ಕುರ್ಚಿಯಲ್ಲಿ ಕೂತುಬಿಟ್ಟರು. ಇಷ್ಟು ವರ್ಷದಲ್ಲಿ ಅವರು ಆ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ಎಲ್ಲ ಅಳಿಸಿಬಿಟ್ಟೆ ತಾಯಿ, ನಿನ್ನ ಕಣ್ಣಿಗೆ ಬೀಳಬಾರದು ಅಂತ ಎಂದರು. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಮಗೆ ಹಗುರವಾಗುತ್ತಿತ್ತು. ಇರಲಿ ಬಿಡಿ, ನೀವು ಒಳ್ಳೆಯದಕ್ಕೇ ಮಾಡಿದ್ದು ಎಂದು ಎದ್ದಳು. ಸಿಕ್ಕರೆ ಹೇಳಿಕಳಿಸುತ್ತೇನೆ ಎಂದು ನಾನೇ ಬಾಯಿ ಹಾಕಿದೆ. ಹೇಳಿದ ಮೇಲೆ, ಎಲ್ಲಿಂದ ತರಲಿ ಎಂಬ ಯೋಚನೆ ಹತ್ತಿತು.

ಭಾವನ ಫೋನನ್ನು ತೆಗೆದುಕೊಂಡು ನನಗೆ ಗೊತ್ತಿರುವ ವಿದ್ಯೆಯನ್ನೆಲ್ಲ ಅದರ ಮೇಲೆ ಪ್ರಯೋಗಿಸಿದೆ. ಏನೂ ಹಿಂದೆ ಬರಲಿಲ್ಲ. ಮುಚ್ಚಿದ ಪೇಜು ಮುಚ್ಚಿದ್ದೇ. ಮುಂದಿನ ದಿನಗಳಲ್ಲಿ ಭಾವ ಕುರ್ಚಿಗೆ ಬಂದವರನ್ನೆಲ್ಲ ಮತ್ತೆ ಕೇಳತೊಡಗಿದರು, ಈ ಸಲ ಉಲ್ಟಾ. ಆ ಮನವಿಯನ್ನು ಯಾರಾದರೂ ಅಳಿಸದೆ ಇಟ್ಟಿದ್ದೀರಾ ಎಂದು. ನೀವೇ ಅಳಿಸಿ ಅಂದಿರಲ್ಲ ಎಂದು ಎಲ್ಲರೂ ಹೇಳಿದರು. ಊರಿಗೆ ಊರೇ ಒಬ್ಬ ಕ್ಷೌರಿಕನ ಮಾತನ್ನು ಇಷ್ಟು ಶ್ರದ್ಧೆಯಿಂದ ಕೇಳಿದ್ದು ಅದೇ ಮೊದಲು, ಅದೂ ಕೇಳಬಾರದಿದ್ದ ಮಾತು.

ಮೇಷ್ಟ್ರು ಬಂದದ್ದು ಅದರ ನಂತರ, ಎಂದಿನ ಹಾಗೆ ಫೋನು ತುಂಬಿಹೋಗಿದೆ ಎಂಬ ದೂರಿನೊಂದಿಗೆ. ನಾನು ಬೇಸತ್ತಿದ್ದೆ. ಅಳಿಸಿ ಎಂದರೆ ಅಳಿಸುವುದಿಲ್ಲ, ಎಷ್ಟು ಸಲ ಹೇಳಬೇಕು ಎಂದು ರೇಗುತ್ತಾ ಫೋನು ಕಸಿದುಕೊಂಡೆ. ರೇಗುತ್ತಿದ್ದ ಬಾಯಿ ಅಲ್ಲೇ ನಿಂತಿತು. ಭಾವನೂ ಕತ್ತರಿ ಕೆಳಗಿಟ್ಟರು.

ನೀವು ಅವತ್ತು ಆ ಮನವಿ ಅಳಿಸಿದಿರಿ ಅಲ್ಲವೇ ಎಂದು ಭಾವ ಮೆಲ್ಲಗೆ ಕೇಳಿದರು. ಮೇಷ್ಟ್ರು ತಪ್ಪು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿಯ ಹಾಗೆ ನಿಂತರು.

"ಅಳಿಸಿದೆ ಅಂದೆ. ಸುಳ್ಳು ಹೇಳಿದೆ," ಎಂದರು. "ಹೇಗೆ ಅಳಿಸೋದು ಅಂತ ನನಗೆ ಗೊತ್ತಿಲ್ಲಪ್ಪ. ಯಾರನ್ನಾದ್ರೂ ಕೇಳೋಕೆ ನಾಚಿಕೆ."

ಹೂವುಗಳನ್ನೂ ಮಂಡಿನೋವುಗಳನ್ನೂ ದಾಟಿಕೊಂಡು ಹಿಂದೆ ಹಿಂದೆ ಹೋದೆ. ಅಲ್ಲಿತ್ತು. ಬೂದಿ ಬಣ್ಣ, ಕೆಂಪು ಅಕ್ಷರ, ಬಾಣದ ಗುರುತು, ಅಂಟಿಸಿದ ಹನಿ. ಮೇಷ್ಟ್ರಿಗೆ ಏನೂ ಅರ್ಥವಾಗಲಿಲ್ಲ. ಭಾವ ಅವರ ಎರಡೂ ಕೈ ಹಿಡಿದುಕೊಂಡರು. ಅವತ್ತಿನ ಕ್ಷೌರ, ಗಡ್ಡ, ತಲೆ ಮಾಲೀಸು ಎಲ್ಲ ಪುಕ್ಕಟೆ. ನಾನು ಅವರ ಫೋನಿಗೆ ಜಾಗ ಮಾಡಿಕೊಟ್ಟೆ, ಬೈಯದೆ.

ಫೋಟೊವನ್ನು ಗಿರಾಕಿಯಂತೆ ಎದುರಿಗೆ ಕೂರಿಸಿಕೊಂಡು ನಾನು ಕೆಲಸಕ್ಕಿಳಿದೆ. ಕೆಂಪು ಅಕ್ಷರಗಳನ್ನು ಕತ್ತರಿಸಿದೆ. ಬಾಣವನ್ನೂ ವೈದ್ಯರನ್ನೂ ಒರೆಸಿದೆ. ಬೂದಿಯನ್ನು ತೆಗೆದು ಕೆನ್ನೆಗೆ ಬಣ್ಣ ತಂದೆ, ಎಷ್ಟು ತರಬೇಕು ಎಂದು ಭಾವ ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ಬಣ್ಣ ಬರುತ್ತಿದ್ದ ಹಾಗೆ ಹುಡುಗ ಅಳುವುದನ್ನು ನಿಲ್ಲಿಸಿದ. ಆದರೆ ಆ ಹನಿ ಪೂರ್ತಿ ಹೋಗಲಿಲ್ಲ. ಕೈಯಿಂದ ಕೈಗೆ ದಾಟಿ ದಾಟಿ ಚಿತ್ರ ಮಸುಕಾಗಿತ್ತು. ಜಾಸ್ತಿ ಉಜ್ಜಿದರೆ ಕಣ್ಣೇ ಕೆಡುತ್ತಿತ್ತು. ಕಣ್ಣಿನ ಕೆಳಗೆ ಒಂದು ಸಣ್ಣ ಹೊಳಪು ಉಳಿಯಿತು. ಕಳ್ಳರು ಹಚ್ಚಿದ್ದು ಅವನ ಮುಖದ ಮೇಲೆ ಉಳಿದೇಬಿಟ್ಟಿತಲ್ಲ ಎಂದು ಭಾವ ಬಹಳ ನೊಂದುಕೊಂಡರು. ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿದೆವು.

ಅವಳು ಕೆಲಸ ಬಿಟ್ಟ ಮೇಲೆ ಬಂದಳು. ಭಾವ ಫೋಟೊ ಕೊಡುವ ಮೊದಲೇ ಹೇಳಿದರು, ಒಂದು ದೋಷ ಉಳಿದಿದೆಯಮ್ಮ, ಆ ಪಾಪಿಗಳು ಅಂಟಿಸಿದ ಕಣ್ಣೀರು ತೆಗೆಯಲು ಆಗಲಿಲ್ಲ ಎಂದು. ಅವಳು ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿದಳು. ಹುಡುಗನ ಮುಖ ನೋಡಿದಳು. ತಲೆಯ ಮೇಲಿನ ಕೈ ನೋಡಿದಳು. ಆಮೇಲೆ ಭಾವನ ತಲೆಯ ಕಡೆ, ಸಮನಾಗಿ ಬೆಳೆದಿದ್ದ ಕೂದಲಿನ ಕಡೆ ನೋಡಿದಳು.

"ವಾರ್ಡಿಗೆ ಹೋಗ್ತಿಲ್ಲ ಅಲ್ವಾ ಅಣ್ಣ?" ಎಂದಳು.

ಭಾವ ಮಂಡಿ ನೋವಿನ ಮಾತು ಎತ್ತಲಿಲ್ಲ.

"ಹೋಗಿ. ಅಲ್ಲಿ ಮಕ್ಕಳು ಆ ಮಿಷನ್ನಿಗೆ ಹೆದರ್ತವೆ."

ಚೀಲದಿಂದ ಇಸ್ತ್ರಿ ಮಾಡಿದ ಒಂದು ಬಿಳಿ ಬಟ್ಟೆ ತೆಗೆದು ಫೋಟೊವನ್ನು ಅದರಲ್ಲಿ ಇಟ್ಟಳು. ಸುತ್ತುವ ಮೊದಲು ಹೆಬ್ಬೆರಳಿನಿಂದ ಹುಡುಗನ ಕಣ್ಣಿನ ಕೆಳಗೆ, ಆ ಹೊಳಪಿರುವ ಕಡೆ ಒಮ್ಮೆ ಮುಟ್ಟಿದಳು.

"ಇದು ಅವರು ಅಂಟಿಸಿದ್ದು ಅಂತ ಯಾಕೆ ಅನ್ಕೋಬೇಕು? ಅವತ್ತು ನಕ್ಕೂ ನಕ್ಕೂ ಅವನ ಕಣ್ಣಲ್ಲಿ ನೀರು ಬಂದಿತ್ತು. ನಾನೇ ಒರೆಸಿದ್ದೆ," ಎಂದಳು. ಬಟ್ಟೆಯ ನಾಲ್ಕು ಮೂಲೆಗಳನ್ನು ಮಡಿಸಿ, ಎದೆಗೆ ಒತ್ತಿ ಹಿಡಿದುಕೊಂಡು ಹೊರಟಳು.